ನಮ್ಮಣ್ಣನೂ ಹನ್ನೊಂದನೆಯ ಪ್ರಶ್ನೆಯೂ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಶಿಸ್ತು, ಸಮಯಪಾಲನೆ, ಪರೀಕ್ಷೆಯ ಫಲಿತಾಂಶ ಮುಂತಾದ ವಿಷಯಗಳನ್ನು ಕುರಿತು ನಾನೂ ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕುಳಿತವರೂ ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬರೆದಿದ್ದೇವೆ. ವಿದ್ಯಾರ್ಥಿನಿಯರು ಅವನ್ನು ಎಷ್ಟರಮಟ್ಟಿಗೆ ಓದಿದ್ದಾರೆಂದು ವಿಚಾರಿಸುವ ಧೈರ್ಯ ನನಗಿಲ್ಲ. ಈ ಸಾರಿ ಅವನ್ನೆಲ್ಲ ಬದಿಗಿಟ್ಟು, ನಮ್ಮ ಪ್ರವೇಶಪತ್ರದಲ್ಲಿರುವ ಒಂದು ಪ್ರಶ್ನೆಯ ವಿಷಯವಾಗಿ ನನ್ನ ಅಭಿಪ್ರಾಯವನ್ನು ತಿಳಿಸಬೇಕೆಂದಿದ್ದೇನೆ. ಅದನ್ನು ತಿಳಿಸಬೇಕಾದರೆ ನಮ್ಮಣ್ಣನ ಸಂಗತಿಯನ್ನು ಹೇಳದೆ ನಿರ್ವಾಹವಿಲ್ಲ. ಅಣ್ಣನು 2015ರಲ್ಲಿ ತೀರಿಹೋದನು. ಅವನಿಗಿದ್ದ ರೋಗದ ಹೆಸರನ್ನು ನಾನು ಇದುವರೆಗೆ ಈ ಶಾಲೆಯ ಆವರಣದಲ್ಲಿ ಯಾರೆದುರಿಗೂ ಉಚ್ಚರಿಸಿದವಳಲ್ಲ.

ಹನ್ನೊಂದನೆಯ ಪ್ರಶ್ನೆಯು, ಹುಡುಗಿಗೆ ಬಹುಕಾಲದ ವ್ಯಾಧಿ ಯಾವುದಾದರೂ ಉಂಟೇ ಎಂದು ಕೇಳುತ್ತದೆ. ಉತ್ತರಕ್ಕಾಗಿ ಒಂದೂವರೆ ಅಂಗುಲದಷ್ಟು ಸ್ಥಳವನ್ನು ಬಿಟ್ಟಿದೆ. ನಾನು ನೋಡಿರುವ ಪ್ರವೇಶಪತ್ರಗಳ ಪೈಕಿ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಆ ಸ್ಥಳದಲ್ಲಿ ‘ಇಲ್ಲ’ ಎಂಬ ಒಂದೇ ಮಾತು ಬರೆದಿರುತ್ತದೆ. ಇಷ್ಟೊಂದು ಆರೋಗ್ಯವಂತರಾದ ಮಕ್ಕಳು ಒಂದೇ ಊರಿನಲ್ಲಿ ಹುಟ್ಟಿದ್ದಾರೆಂಬುದು ಬಹಳ ಸಂತೋಷದ ವಿಷಯ, ಅದು ನಿಜವಾಗಿದ್ದ ಪಕ್ಷದಲ್ಲಿ.

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಪ್ರಾರ್ಥನಾ ಸಭೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆಲೇ ಚೀರಿ ನೆಲಕ್ಕೆ ಬಿದ್ದಳು. ಕೈಕಾಲುಗಳು ಸೆಟೆದುಕೊಂಡು ಅದುರತೊಡಗಿದವು. ಒಬ್ಬ ಉಪಾಧ್ಯಾಯಿನಿಯವರು ಬೀಗದಕೈ ಗೊಂಚಲನ್ನು ತರಿಸಲು ಕೂಗಿದರು. ಇನ್ನೊಬ್ಬರು ಹಲ್ಲುಗಳ ನಡುವೆ ಇಡುವುದಕ್ಕೆ ಚಮಚೆಯನ್ನು ಹುಡುಕಿದರು. ಮತ್ತೊಬ್ಬರು ನೀರನ್ನು ಹಿಡಿದು ನಿಂತರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ನಾನು ಯಾವುದಕ್ಕೂ ಅವಕಾಶ ಕೊಡದೆ, ಹುಡುಗಿಯ ತಲೆಯ ಕೆಳಗೆ ನನ್ನ ಶಾಲನ್ನಿಟ್ಟು, ಗಡಿಯಾರವನ್ನು ನೋಡುತ್ತ ಪಕ್ಕದಲ್ಲಿ ಕುಳಿತೆನು. ಎರಡು ನಿಮಿಷಗಳಲ್ಲಿ ಅದು ನಿಂತಿತು. ಆಗ ಅವಳನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದೆನು. ಇದನ್ನೆಲ್ಲ ಎಲ್ಲಿ ಕಲಿತಿರೆಂದು ಸಹೋದ್ಯೋಗಿಗಳು ಆಮೇಲೆ ಕೇಳಿದಾಗ, ಎಲ್ಲಿಯೋ ಓದಿದ್ದೆನೆಂದು ಸುಳ್ಳು ಹೇಳಿದೆನು.

ಒಂದು ಗಂಟೆಯೊಳಗೆ ಹುಡುಗಿಯ ತಾಯಿಯು ಬಂದಳು. ಮಗಳು ಹೇಗಿದ್ದಾಳೆಂದು ಕೇಳುವುದಕ್ಕೆ ಮುಂಚೆ ಆಕೆಯು ಕೇಳಿದ ಮಾತು ಇದು: “ಟಿ. ಸಿ. ಕೊಟ್ಟುಬಿಡುತ್ತೀರಾ, ಅಮ್ಮಾ?” ಆ ದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಮ್ಮದು ಕೊಳ್ಳೇಗಾಲದ ಕಡೆಯ ಊರು. ತಂದೆಯವರು ಪ್ರಾಥಮಿಕ ಪಾಠಶಾಲೆಯ ಉಪಾಧ್ಯಾಯರು. ಅಣ್ಣನು ನನಗಿಂತ ಆರು ವರ್ಷ ದೊಡ್ಡವನು. ಭಾನುವಾರದ ಆರಾಧನೆಗೆ ಹೋಗಬೇಕಾದದ್ದರಿಂದ ಶನಿವಾರ ಸಾಯಂಕಾಲ ನಮ್ಮ ಮನೆಯಲ್ಲಿ ಎಲ್ಲರಿಗೂ ಎಣ್ಣೆ ಸ್ನಾನ. ಹಂಡೆಯಲ್ಲಿ ಮರಳುತ್ತಿದ್ದ ನೀರಿಗೆ ತಣ್ಣೀರು ಬೆರೆಸಿದರೂ, ಮೈ ಕೆಂಪಾಗುವಷ್ಟು ಬಿಸಿಯಿದ್ದಲ್ಲದೆ ಅದು ಸ್ನಾನವೆನಿಸುತ್ತಿರಲಿಲ್ಲ. ಚೊಂಬಿನಿಂದ ಒಂದೇ ಸಮನೆ ತಲೆಯ ಮೇಲೆ ಸುರಿಯುವುದೇ ಪದ್ಧತಿ. 1982ರಲ್ಲಿ, ಅಣ್ಣನಿಗೆ 8 ವರ್ಷವಾಗಿದ್ದಾಗ, ಹಾಗೆ ನೀರು ಸುರಿಯುತ್ತಿರುವಲ್ಲಿಯೇ ಅವನ ಕಣ್ಣುಗಳು ಮೇಲಕ್ಕೆ ತಿರುಗಿ, ಅವನು ಬಚ್ಚಲಲ್ಲಿ ಕುಸಿದುಬಿದ್ದನು. ಉಷ್ಣವು ತಲೆಗೇರಿತೆಂದು ತಾಯಿಯವರು ಹೇಳಿದರು. ನೀರಿನ ಪಿಶಾಚಿಯು ಹಿಡಿಯಿತೆಂದು ನೆರೆಯವರು ಹೇಳಿದರು. ಮೂರು ಶನಿವಾರಗಳ ಮೇಲೆ ಪುನಃ ಅದೇ ರೀತಿಯಾಯಿತು.

ಅದು ಪಿಶಾಚಿಯೂ ಅಲ್ಲ, ಅಪರೂಪದ ಸಂಗತಿಯೂ ಅಲ್ಲ. ಬಿಸಿನೀರಿನ ಅಪಸ್ಮಾರವೆಂಬ ಈ ಬಗೆಯು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ನಮ್ಮ ಕರ್ನಾಟಕದ ದಕ್ಷಿಣ ಭಾಗದಲ್ಲಿ, ಪ್ರಪಂಚದ ಇತರ ಕಡೆಗಳಿಗಿಂತ ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನರರೋಗ ತಜ್ಞರಾದ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1968ರಲ್ಲಿಯೇ ಇದನ್ನು ಕುರಿತು ಬರೆದಿದ್ದರು. 1988ರಲ್ಲಿ ನಿಮ್ಹಾನ್ಸಿನ ವೈದ್ಯರು 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಇದು ಗಂಡುಮಕ್ಕಳಲ್ಲಿ ಹೆಚ್ಚು. ನಲವತ್ತರಿಂದ ಐವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರನ್ನು ತಲೆಯ ಮೇಲೆ ಹುಯ್ಯುವಾಗ ಬರುತ್ತದೆ. ನೀರಿನ ಬಿಸಿಯನ್ನು ಇಳಿಸಿದರೆ ಅನೇಕರಿಗೆ ಅಷ್ಟೇ ಸಾಕಾಗುವುದುಂಟು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಕೊಡತಕ್ಕ ಗುಳಿಗೆಯೂ ಉಂಟು. ಇನ್ನು ಕೆಲವರಲ್ಲಿ, ಕಾಲಕ್ರಮದಲ್ಲಿ, ನೀರಿನ ಸಂಬಂಧವಿಲ್ಲದೆಯೂ ರೋಗವು ಬರತೊಡಗುತ್ತದೆ. ನಮ್ಮಣ್ಣನು ಈ ಕೊನೆಯವರ ಗುಂಪಿಗೆ ಸೇರಿದವನಾದನು.

ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸುವುದಕ್ಕೆ ಎರಡು ವರ್ಷಗಳು ಹಿಡಿದವು. ಅಲ್ಲಿ ಫಿನೋಬಾರ್ಬಿಟೋನ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. 1912ರಿಂದ ಈ ರೋಗಕ್ಕೆ ಬಳಕೆಯಲ್ಲಿರುವ, ಬಡವರಿಗೂ ಎಟುಕುವ ಔಷಧವದು. ಅದನ್ನೂ, 1938ರಿಂದ ಬಳಕೆಗೆ ಬಂದ ಫೆನಿಟಾಯಿನನ್ನೂ ಹಳ್ಳಿಗಳ ರೋಗಿಗಳಿಗೆ ಕೊಟ್ಟು ಒಳ್ಳೆಯ ಫಲವನ್ನು ಕಂಡದ್ದು ನಮ್ಮೂರಿಗೆ ಸಮೀಪದ ಯಳಂದೂರಿನಲ್ಲಿಯೇ, ಡಾ. ಮಣಿಯವರೂ ಅವರ ಸಂಗಡಿಗರೂ ಅದರ ವಿವರವನ್ನು 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಳಿಗೆಯಿಂದ ಅಣ್ಣನಿಗೆ ಬಹಳ ಗುಣ ಕಂಡಿತು. ತಿಂಗಳಿಗೆ ನಾಲ್ಕು ಸಾರಿ ಬರುತ್ತಿದ್ದುದು ವರ್ಷಕ್ಕೆ ಎರಡು ಮೂರು ಸಾರಿಗೆ ಇಳಿಯಿತು. ಆದರೆ ಅದನ್ನು ನುಂಗಿದವನಿಗೆ ತೂಕಡಿಕೆ. ಬೆಳಗಿನ ಗಣಿತದ ಪಾಠದಲ್ಲಿ ಅವನ ತಲೆಯು ಮೇಜಿಗೆ ತಾಗುತ್ತಿದ್ದಿತು. ಮನೆಯವರು ಗುಳಿಗೆಯ ಸಂಗತಿಯನ್ನು ಶಾಲೆಯಲ್ಲಿ ಹೇಳಿರಲಿಲ್ಲವಾದ್ದರಿಂದ ಉಪಾಧ್ಯಾಯರು ಅವನನ್ನು ಸೋಮಾರಿಯೆಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಉಪಾಧ್ಯಾಯರನ್ನು ನಾನು ಹೇಗೆ ದೂಷಿಸಲಿ? ಅವರಿಗೆ ತಿಳಿಸಿದವರು ಯಾರು?

ಒಂಬತ್ತನೆಯ ತರಗತಿಯಲ್ಲಿ, 1988ರಲ್ಲಿ, ಪಾಠ ನಡೆಯುತ್ತಿದ್ದಾಗಲೇ ಅವನಿಗೆ ರೋಗವು ಬಂದಿತು. ಮರುದಿನ ಮುಖ್ಯೋಪಾಧ್ಯಾಯರು ತಂದೆಯವರನ್ನು ಕರೆಸಿ, ಇತರ ಮಕ್ಕಳು ಹೆದರುತ್ತಾರಾದ್ದರಿಂದ ಹುಡುಗನು ಪೂರ್ಣವಾಗಿ ಗುಣವಾದ ಮೇಲೆ ಬರಲಿ ಎಂದರು. ಮಾತು ಸೌಮ್ಯವಾಗಿಯೇ ಇದ್ದಿತಂತೆ. ತಂದೆಯವರು ತಾವೂ ಉಪಾಧ್ಯಾಯರಾಗಿದ್ದು ಒಂದು ಮಾತನ್ನೂ ಎದುರಾಡದೆ ಪುಸ್ತಕಗಳನ್ನು ತೆಗೆದುಕೊಂಡು ಬಂದರು. ಗುಣವಾದ ಮೇಲೆ ಎಂದರೆ ಯಾವಾಗ ಎಂದು ಅಣ್ಣನು ಊಟಕ್ಕೆ ಕುಳಿತಾಗ ಕೇಳಿದನು. ಯಾರೂ ಉತ್ತರ ಕೊಡಲಿಲ್ಲ. ನನಗಾಗ 8 ವರ್ಷ. ನಾನು ನನ್ನ ತಟ್ಟೆಯನ್ನು ನೋಡುತ್ತಿದ್ದೆನು.

ಅದಾದ ಕೆಲವು ತಿಂಗಳುಗಳಿಗೆ ಬೇರೆ ಊರಿನ ಬೋಧಕರೊಬ್ಬರು ನಮ್ಮ ಸಭೆಗೆ ಬಂದು, ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ತಂದೆಯೊಬ್ಬನು ಕರೆತಂದ ಹುಡುಗನ ವಿಷಯವಾಗಿ ಪ್ರಸಂಗ ಮಾಡಿದರು. ದೆವ್ವದ ಮಾತೇ ಹೆಚ್ಚಾಗಿದ್ದಿತು. ನಮ್ಮ ಸಾಲಿನಲ್ಲಿ ಯಾರೂ ಅಣ್ಣನ ಕಡೆಗೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಲ್ಲರೂ ಪ್ರಯತ್ನಪಡುತ್ತಿದ್ದುದು ಮಾತ್ರ ಚೆನ್ನಾಗಿ ತಿಳಿಯುತ್ತಿದ್ದಿತು. ಮನೆಗೆ ಬರುವ ದಾರಿಯಲ್ಲಿ ಅಣ್ಣನು ತಂದೆಯವರನ್ನು, “ಆ ಹುಡುಗನು ಗುಣವಾದ ಮೇಲೆ ಅವನನ್ನು ಪಾಠಶಾಲೆಗೆ ಸೇರಿಸಿಕೊಂಡರೋ?” ಎಂದು ಕೇಳಿದನು. ಹಾಸ್ಯಕ್ಕಾಗಿಯೇ ಕೇಳಿದನು. ಹಾಸ್ಯವು ಅವನ ಸ್ವಭಾವದಲ್ಲಿದ್ದಿತು.

ಶಾಲೆಯನ್ನು ಬಿಟ್ಟವನು ಓದನ್ನು ಬಿಡಲಿಲ್ಲ. ನನ್ನ ಪಠ್ಯಪುಸ್ತಕಗಳೆಲ್ಲವನ್ನೂ ನನಗಿಂತ ಮೊದಲು ಓದಿ ಮುಗಿಸುತ್ತಿದ್ದನು. ನನಗೆ ಭಿನ್ನರಾಶಿಗಳನ್ನು ಕಲಿಸಿದವನು ಅವನೇ. ಒಂದು ಹಲಸಿನ ಹಣ್ಣಿನ ತೊಳೆಗಳನ್ನು ಎಣಿಸಿ ಎಣಿಸಿ ಕಲಿಸಿದನು. ಸಂಧಿಸಮಾಸಗಳನ್ನು ಕಲಿಸಿದವನೂ ಅವನೇ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ತಪ್ಪು ಮಾಡಿದರೆ ಅವನು ಗದರುತ್ತಿರಲಿಲ್ಲ. ಆ ತಪ್ಪು ಪದವನ್ನು ಎರಡು ದಿವಸ ಮನೆಯಲ್ಲೆಲ್ಲ ಹಾಗೆಯೇ ಉಚ್ಚರಿಸುತ್ತ ತಿರುಗುತ್ತಿದ್ದನು. ನಾಚಿಕೆಯಿಂದಲೇ ನಾನು ತಿದ್ದಿಕೊಂಡೆನು. ಇಂದು ನನ್ನ ವಿದ್ಯಾರ್ಥಿನಿಯರು ನನ್ನ ಕೆಂಪು ಮಸಿಗೆ ಹೆದರುತ್ತಾರಷ್ಟೆ. ಆ ಮಸಿಯ ಮೂಲವು ಅಲ್ಲಿದೆ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. 1992ರಲ್ಲಿ ನನ್ನನ್ನು ಮಿಶನ್ ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಒಡಹುಟ್ಟಿದವರು ಎಷ್ಟು ಮಂದಿಯೆಂದು ಗೆಳತಿಯರು ಕೇಳಿದಾಗ, ನಾನೊಬ್ಬಳೇ ಎಂದೆನು. ಹಾಗೆ ಹೇಳೆಂದು ನನಗೆ ಯಾರೂ ಕಲಿಸಿರಲಿಲ್ಲ. ಮನೆಯ ಗಾಳಿಯಲ್ಲಿದ್ದುದನ್ನು ನಾನಾಗಿಯೇ ಉಸಿರಾಡಿಕೊಂಡಿದ್ದೆನು. ಎರಡು ತಿಂಗಳ ನಂತರ ಒಂದು ಶನಿವಾರ ಅಣ್ಣನು ಒಬ್ಬನೇ ಬಸ್ಸು ಹತ್ತಿ, ಚಕ್ಕುಲಿಯ ಡಬ್ಬವನ್ನು ತೆಗೆದುಕೊಂಡು ನನ್ನನ್ನು ನೋಡಲು ಬಂದನು. ಗೇಟಿನ ಬಳಿ ನನ್ನ ಸಂಗಡ ಮೂವರು ಹುಡುಗಿಯರಿದ್ದರು. ಇವರು ಯಾರೆಂದು ಒಬ್ಬಳು ಕೇಳಿದಳು. ನಮ್ಮ ನೆರೆಮನೆಯವರು ಎಂದೆನು. ಅಣ್ಣನಿಗೆ ಕೇಳಿಸಿತು. ಅವನು ಡಬ್ಬವನ್ನು ನನ್ನ ಕೈಗೆ ಕೊಟ್ಟು, “ನಿಮ್ಮ ತಾಯಿಯವರು ಇದನ್ನು ಕೊಟ್ಟು ಕಳುಹಿಸಿದ್ದಾರೆ, ಕ್ಷೇಮವಾಗಿದ್ದೀರಷ್ಟೆ?” ಎಂದು ಬಹುವಚನದಲ್ಲಿ ಮಾತನಾಡಿಸಿ, ಹಿಂದಿರುಗಿ ಹೋದನು. ಮನೆಯಲ್ಲಿ ಅದರ ಪ್ರಸ್ತಾಪವನ್ನು ಅವನು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕ್ಷಮೆ ಕೇಳುವುದಕ್ಕೆ ಇಪ್ಪತ್ತಮೂರು ವರ್ಷಗಳ ಅವಕಾಶವಿದ್ದಿತು.

ಮುಂದೆ ಅವನು ಒಂದು ಚಿಕ್ಕ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದನು. ಯಜಮಾನರಿಗೆ ಮಾತ್ರ ರೋಗದ ಸಂಗತಿ ತಿಳಿದಿದ್ದಿತು. ಅವರು ಹೆಚ್ಚು ಓದಿದವರಲ್ಲ. ಅಚ್ಚಿನ ಯಂತ್ರದಿಂದ ದೂರವಾಗಿ, ಕಿಟಕಿಯ ಬಳಿ ಅವನಿಗೊಂದು ಮೇಜನ್ನು ಹಾಕಿಸಿ, ಆ ಮೇಜಿನ ಮೂಲೆಗಳಿಗೆ ಗೋಣಿಯನ್ನು ಸುತ್ತಿಸಿಟ್ಟರು. ನಮ್ಮ ಶಿಕ್ಷಕರ ತರಬೇತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಕುರಿತು ಎಷ್ಟೋ ಪುಟಗಳನ್ನು ನಾನು ಬರೆದುಕೊಂಡೆನು. ಆ ಗೋಣಿಯ ವಿದ್ಯೆ ಅವುಗಳಲ್ಲಿರಲಿಲ್ಲ.

2005ರಲ್ಲಿ ನನ್ನ ವಿವಾಹವು ನಿಶ್ಚಯವಾಯಿತು. ವರನ ಕಡೆಯವರು ನೋಡಲು ಬಂದ ದಿನ ಅಣ್ಣನು ಅತ್ತೆಯ ಊರಿಗೆ ಹೋಗಿದ್ದನು. ಹೋಗೆಂದು ಹೇಳಿಸಿಕೊಳ್ಳದೆ ಹೋಗಿದ್ದನು. ಲಗ್ನಪತ್ರಿಕೆಯು ಅವನಿದ್ದ ಅಚ್ಚುಕೂಟದಲ್ಲಿಯೇ ಅಚ್ಚಾಯಿತು. ಬಂಧುಗಳ ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆ ಕರಡನ್ನು ತಿದ್ದಿದವನು ಅವನೇ. ಒಂದು ಕಡೆ ‘ವಿವಾಹ ಮಹೋತ್ಸವ’ದಲ್ಲಿ ಜೋಡಣೆಯವರು ತಪ್ಪಿದ್ದುದನ್ನು ಸರಿಪಡಿಸಿ, ಕೆಳಗೆ ತನ್ನ ಗುರುತು ಹಾಕಿ ಕಳುಹಿಸಿದ್ದನು. ಆ ಕರಡು ಪ್ರತಿಯು ಇಂದಿಗೂ ನನ್ನ ಬಳಿಯಲ್ಲಿದೆ.

ನಮ್ಮ ಮನೆಯವರ ಭಯಕ್ಕೆ ಆಧಾರವಿರಲಿಲ್ಲವೆಂದು ನಾನು ಹೇಳಲಾರೆ. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯಿದೆಯೊಳಕ್ಕೆ ಅಪಸ್ಮಾರವನ್ನು ಉನ್ಮಾದದ ಪಕ್ಕದಲ್ಲಿಯೇ ಸೇರಿಸಿ, ಅದುಳ್ಳವರು ವಿವಾಹಕ್ಕೆ ಅರ್ಹರಲ್ಲವೆಂದು ಬರೆಯಲಾಗಿದ್ದಿತು. 1999ರಲ್ಲಿ ಆ ಮಾತನ್ನು ತೆಗೆದುಹಾಕಿದರು. ನಾವು ಆ ಕಾಯಿದೆಗೆ ಒಳಪಟ್ಟವರಲ್ಲವಾದರೂ ಜನರ ನಾಲಿಗೆಗೆ ಒಳಪಟ್ಟವರೇ. ಕಾಯಿದೆಯಿಂದ ಒಂದು ಪದವು ಹೋದ ಮಾತ್ರಕ್ಕೆ ಬೀದಿಯಿಂದ ಅದು ಹೋಗುವುದಿಲ್ಲ. ಮದುವೆಯಾದ ಮೂರನೆಯ ತಿಂಗಳಲ್ಲಿ ನನ್ನ ಯಜಮಾನರಿಗೆ ಸಂಗತಿಯು ತಿಳಿಯಿತು. ತಮಗೆ ಒಬ್ಬ ಭಾವಮೈದುನನು ಇದ್ದುದನ್ನು ಮುಚ್ಚಿಟ್ಟಿರೇಕೆಂದು ಮಾತ್ರ ಕೇಳಿದರು.

ಈ ಮುಚ್ಚಿಡುವಿಕೆಗೆ ನಾವು ಕೊಟ್ಟ ಬೆಲೆಯು ನಾಚಿಕೆಯೊಂದೇ ಅಲ್ಲ. ನಮ್ಮ ಮನೆಯ ಎದುರು ಸಾಲಿನಲ್ಲಿಯೇ ಔಷಧದ ಅಂಗಡಿಯಿದ್ದಿತು. ಅಂಗಡಿಯವರಿಗೆ ತಿಳಿದರೆ ಊರಿಗೆಲ್ಲ ತಿಳಿಯುವುದೆಂದು ತಂದೆಯವರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಗುಳಿಗೆಗಳನ್ನು ತರುತ್ತಿದ್ದರು. 2013ರಲ್ಲಿ ಅವರು ತೀರಿಕೊಂಡರು. ಅಚ್ಚುಕೂಟವೂ ಅಷ್ಟರೊಳಗೆ ಮುಚ್ಚಿಹೋಗಿದ್ದಿತು. ಮೈಸೂರಿನ ಪ್ರಯಾಣವು ಒಮ್ಮೆ ನಡೆದರೆ ಒಮ್ಮೆ ತಪ್ಪುತ್ತಿದ್ದಿತು. 2015ರ ಜನವರಿಯ ಒಂದು ರಾತ್ರಿ ಅಣ್ಣನು ನಿದ್ರೆಯಲ್ಲಿಯೇ ತೀರಿಹೋದನು. ಅವನಿಗೆ 41 ವರ್ಷ ವಯಸ್ಸು. ಅಪಸ್ಮಾರವುಳ್ಳವರಲ್ಲಿ ಅಪೂರ್ವವಾಗಿ ಇಂತಹ ಹಠಾತ್ತಾದ ಮರಣವು ಉಂಟೆಂದೂ, ಗುಳಿಗೆಯನ್ನು ತಪ್ಪದೆ ಸೇವಿಸಿ ರೋಗವನ್ನು ಹತೋಟಿಯಲ್ಲಿಟ್ಟವರಿಗೆ ಆ ಅಪಾಯವು ಕಡಿಮೆಯೆಂದೂ ವೈದ್ಯರು ತಿಳಿಸಿದರು. ಅವನ ತಗಡಿನ ಪೆಟ್ಟಿಗೆಯಲ್ಲಿ ಗುಳಿಗೆಯ ಬರಿಯ ಹಾಳೆಗಳಿದ್ದವು. ಅದೇ ಕಾರಣವೆಂದು ನಾನು ಹೇಳುವಂತಿಲ್ಲ. ಎದುರು ಸಾಲಿನ ಅಂಗಡಿಯು ಆ ರಾತ್ರಿ ಒಂಬತ್ತು ಗಂಟೆಯವರೆಗೂ ತೆರೆದಿದ್ದಿತೆಂಬುದನ್ನು ಮಾತ್ರ ಹೇಳಬಲ್ಲೆನು.

ಇನ್ನು ಹನ್ನೊಂದನೆಯ ಪ್ರಶ್ನೆಯ ವಿಚಾರ. ಆ ಹುಡುಗಿಯ ಸಂಗತಿಯಾದ ಮೇಲೆ ನಮ್ಮ ಉಪಾಧ್ಯಾಯಿನಿಯರ ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ತಾಯಿಯು ಸುಳ್ಳು ಬರೆದದ್ದು ತಪ್ಪಾದ್ದರಿಂದ, ಇನ್ನು ಮುಂದೆ ವೈದ್ಯರ ಪ್ರಮಾಣಪತ್ರವಿಲ್ಲದೆ ಯಾರನ್ನೂ ಸೇರಿಸಿಕೊಳ್ಳಬಾರದೆಂದು ಕೆಲವರು ಹೇಳಿದರು. ಸುಳ್ಳನ್ನೇ ಬರೆಯುವುದಾದ ಮೇಲೆ ಪ್ರಶ್ನೆಯನ್ನೇ ತೆಗೆದುಹಾಕೋಣವೆಂದು ಕಿರಿಯರಾದ ಒಬ್ಬರು ಹೇಳಿದರು. ನನಗೆ ಎರಡೂ ಒಪ್ಪಿಗೆಯಿಲ್ಲ. ಪ್ರಮಾಣಪತ್ರವನ್ನು ಕೇಳಿದರೆ ರೋಗವುಳ್ಳ ಮಗುವು ನಮ್ಮ ಗೇಟಿನವರೆಗೂ ಬರುವುದಿಲ್ಲ. ನಮ್ಮ ಶಾಲೆಯು ಶುದ್ಧವಾಗಿ ಕಾಣುವುದು, ಆ ಮಗುವು ಮನೆಯಲ್ಲಿ ಕುಳಿತಿರುವುದು. ಪ್ರಶ್ನೆಯನ್ನು ತೆಗೆದರೆ, ಗುಳಿಗೆಯಿಂದ ತೂಕಡಿಸುವ ಹುಡುಗಿಯನ್ನು ನಾವು ಬೆಂಚಿನ ಮೇಲೆ ನಿಲ್ಲಿಸುವೆವು. ವಿಜ್ಞಾನದ ಕೊಠಡಿಯಲ್ಲಿ ಉರಿಯುವ ದೀಪದ ಮುಂದೆ ಒಬ್ಬಳನ್ನೇ ಬಿಡುವೆವು. ರೋಗವೇ ಇಲ್ಲವೆಂಬಂತೆ ನಟಿಸುವುದು ದಯೆಯಲ್ಲ.

ನಾನು ಕೇಳುವುದು ಇಷ್ಟೇ: ನಾವು ಈ ಪ್ರಶ್ನೆಯನ್ನು ಯಾತಕ್ಕಾಗಿ ಕೇಳುತ್ತೇವೆ? ಉತ್ತರ ಬರೆದ ತಾಯಿಗೆ ಇದುವರೆಗೆ ನಾವು ಏನನ್ನು ಕೊಟ್ಟಿದ್ದೇವೆ? ಟಿ. ಸಿ.ಯ ಭಯವನ್ನು ಕೊಟ್ಟಿದ್ದೇವೆ. ಆ ಭಯವನ್ನು ಕೊಟ್ಟವರು ನಾವಾಗಿರುವಾಗ, ಸತ್ಯ ಹೇಳುವುದಕ್ಕೆ ಅವಳೇ ಮೊದಲು ಮುಂದೆ ಬರಲಿ ಎಂದು ಕಾಯುವುದು ನ್ಯಾಯವಲ್ಲ. ಮೊದಲ ಹೆಜ್ಜೆಯನ್ನು ಶಾಲೆಯೇ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವುಂಟು. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70ರವರೆಗೆ ರೋಗವು ಮರುಕಳಿಸದಂತೆ ಬಾಳಬಲ್ಲರು. ಅಷ್ಟೊಂದು ಜನರಿರುವಾಗ ನಮ್ಮ ನೂರಾರು ಹುಡುಗಿಯರ ಪೈಕಿ ಒಬ್ಬಳೂ ಇಲ್ಲವೆಂದು ನಂಬುವುದು ನಮ್ಮ ಅನುಕೂಲಕ್ಕಾಗಿ ನಾವು ಕಟ್ಟಿಕೊಂಡ ಕಥೆ.

ಆ ಹುಡುಗಿಯನ್ನು ಶಾಲೆಯಿಂದ ತೆಗೆಯಬೇಕೆಂದು ಆರು ಮಂದಿ ತಂದೆತಾಯಿಗಳು ನನ್ನ ಕೊಠಡಿಗೆ ಬಂದರು. ಅಪಸ್ಮಾರವು ಅಂಟುವ ರೋಗವಲ್ಲವೆಂದು ಅವರಿಗೆ ಹೇಳಿದೆನು. ಆಮೇಲೆ ಅಣ್ಣನ ವಿಷಯವನ್ನೂ ಹೇಳಿದೆನು. ಈ ಶಾಲೆಗೆ ಸಂಬಂಧಪಟ್ಟ ಜನರೆದುರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಐವರು ಸುಮ್ಮನೆ ಎದ್ದುಹೋದರು. ಒಬ್ಬರು ತಮ್ಮ ಮಗಳನ್ನು ಬೇರೆ ಶಾಲೆಗೆ ಸೇರಿಸಿದರು. ಆ ಹುಡುಗಿಯು ಗಣಿತದಲ್ಲಿ ಬಹಳ ಚುರುಕಾಗಿದ್ದಳು, ಅವಳು ಹೋದದ್ದು ನನಗೆ ಇಂದಿಗೂ ಬೇಸರ. ಎಂಟನೆಯ ತರಗತಿಗೆ, ಆ ಹುಡುಗಿಯ ಮತ್ತು ಅವಳ ತಾಯಿಯ ಒಪ್ಪಿಗೆಯನ್ನು ಪಡೆದು, ನಾನೇ ಪಾಠ ಮಾಡಿದೆನು: ಹಿಡಿದು ಅದುಮಬಾರದು, ಬಾಯಲ್ಲಿ ಏನನ್ನೂ ಇಡಬಾರದು, ಕಬ್ಬಿಣವನ್ನು ಹಿಡಿಸುವುದರಿಂದಾಗಲಿ ಈರುಳ್ಳಿಯನ್ನು ಮೂಸಿಸುವುದರಿಂದಾಗಲಿ ಯಾವ ಪ್ರಯೋಜನವೂ ಇಲ್ಲ, ತಲೆಗೆ ಮೆತ್ತೆಯನ್ನು ಕೊಟ್ಟು, ಮಗ್ಗುಲಿಗೆ ತಿರುಗಿಸಿ, ಗಡಿಯಾರವನ್ನು ನೋಡಬೇಕು, ಐದು ನಿಮಿಷಗಳನ್ನು ಮೀರಿದರೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ಮಕ್ಕಳ ಮುಖದಲ್ಲಿದ್ದ ಭಯವು, ಮಾಡತಕ್ಕದ್ದು ಏನೆಂದು ತಿಳಿದ ಕೂಡಲೇ ಇಳಿದುಹೋಯಿತು. ಗಡಿಯಾರ ನೋಡುವ ಕೆಲಸವು ತನ್ನದಾಗಲೆಂದು ನಾಲ್ವರು ಜಗಳವಾಡಿದರು.

ಆಡಳಿತ ಮಂಡಲಿಯವರ ಅನುಮತಿಯಿಂದ ಪ್ರವೇಶಪತ್ರವನ್ನು ಹೊಸದಾಗಿ ಅಚ್ಚು ಹಾಕಿಸಿದ್ದೇವೆ. ಹನ್ನೊಂದನೆಯ ಪ್ರಶ್ನೆಯು ಇದ್ದಲ್ಲಿಯೇ ಇದೆ. ಅದರ ಕೆಳಗೆ, ಈ ಉತ್ತರದ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸುವುದಿಲ್ಲ, ಯಾರನ್ನೂ ಶಾಲೆಯಿಂದ ಬಿಡಿಸುವುದಿಲ್ಲ, ತರಗತಿಯ ಉಪಾಧ್ಯಾಯಿನಿಯವರ ಹೊರತು ಯಾರಿಗೂ ತಿಳಿಸುವುದಿಲ್ಲ ಎಂದು ಸೇರಿಸಿ, ಗುಳಿಗೆಯ ವೇಳೆಯನ್ನೂ ನಾವು ಮಾಡಬೇಕಾದ ಸಹಾಯವನ್ನೂ ಬರೆಯುವುದಕ್ಕೆ ಐದು ಗೆರೆಗಳ ಸ್ಥಳವನ್ನು ಬಿಟ್ಟಿದೆ. ಕರಡನ್ನು ನಾನೇ ತಿದ್ದಿದೆನು. ಈ ಜೂನ್ ತಿಂಗಳಲ್ಲಿ ಸೇರಿದ ಹುಡುಗಿಯರ ಪೈಕಿ ಮೂವರ ಪತ್ರಗಳಲ್ಲಿ ‘ಇಲ್ಲ’ ಎಂಬುದಕ್ಕೆ ಬದಲಾಗಿ ಬೇರೆ ಉತ್ತರ ಬಂದಿದೆ. ಒಬ್ಬಳಿಗೆ ಉಬ್ಬಸ, ಒಬ್ಬಳಿಗೆ ಸಕ್ಕರೆಯ ರೋಗ, ಮಧ್ಯಾಹ್ನದ ಊಟಕ್ಕೆ ಮುಂಚೆ ಸೂಜಿ ಹಾಕಿಕೊಳ್ಳಲು ಅವಳಿಗೆ ಮರೆಯಾದ ಸ್ಥಳ ಬೇಕು, ಮೂರನೆಯವಳ ತಾಯಿಯು ಐದು ಗೆರೆಗಳೂ ಸಾಲದೆ ಪತ್ರದ ಹಿಂಭಾಗದಲ್ಲಿಯೂ ಬರೆದು, ಕೊನೆಯಲ್ಲಿ, ಶನಿವಾರದ ತಲೆಸ್ನಾನಕ್ಕೆ ನೀರು ಉಗುರುಬೆಚ್ಚಗಿರಬೇಕೆಂದು ಬೋರ್ಡಿಂಗಿನವರಿಗೆ ದಯವಿಟ್ಟು ತಿಳಿಸಿ ಎಂದು ಕೇಳಿಕೊಂಡಿದ್ದಾಳೆ. ತಿಳಿಸಿದ್ದೇನೆ.